ಸ್ಪೆಕ್ಟ್ರಮ್ಮಾ, ಬೀಬಾ?

ಹೋದ ವರ್ಷ ಕೇಂಬ್ರಿಜ್‌ನಲ್ಲಿ ಒಂದು ಸುಳ್ಳು ಹೇಳಿ ಬಂದೆ. ಯಾರಿಗೂ ನಷ್ಟವಾಗುವಂಥ ಸುಳ್ಳಲ್ಲ. ಆದರೂ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ಅಡಿಕೆ ಚೂರಿನ ಹಾಗೆ ಇನ್ನೂ ಕಾಡುತ್ತಿದೆ.

ಮಗಳು ಅಲ್ಲಿ ಓದುತ್ತಿದ್ದಾಳೆ. ನೋಡಿಕೊಂಡು ಬರಲು ಗಂಡಹೆಂಡತಿ ಹೋಗಿದ್ದೆವು. ಅವಳಿಗೆ ಕ್ಲಾಸ್ ಇದ್ದ ಒಂದು ದಿನ ಹೆಂಡತಿ "ಇನ್ನೊಂದು ಚರ್ಚ್ ನೋಡೋ ಶಕ್ತಿ ನನಗಿಲ್ಲ" ಎಂದು ರೂಮಿನಲ್ಲೇ ಉಳಿದಳು. ನಾನೊಬ್ಬನೇ ಸೆಂಟರ್ ಫಾರ್ ಕಂಪ್ಯೂಟಿಂಗ್ ಹಿಸ್ಟರಿ ಎಂಬ ಮ್ಯೂಸಿಯಂಗೆ ಹೋದೆ. ಊರ ನಡುವಿನ ಹಳೇ ಕಾಲೇಜುಗಳ ಗತ್ತು ಅದಕ್ಕಿಲ್ಲ. ಹೊರಗಿನಿಂದ ನೋಡಿದರೆ ಗೋಡೌನ್ ಥರ ಇದೆ. ಒಳಗೆ 1970, 80ರ ದಶಕದ ಮನೆ ಕಂಪ್ಯೂಟರುಗಳು ಮೇಜಿನ ಮೇಲೆ ಸಾಲಾಗಿ ಕೂತಿವೆ. ಗಾಜಿನ ಪೆಟ್ಟಿಗೆಯೊಳಗೆ ಅಲ್ಲ. ಎಷ್ಟೋ ಮೆಷಿನ್ನುಗಳು ಆನ್ ಆಗಿಯೇ ಇರುತ್ತವೆ. ಹೋಗಿ ಕೂತು ಒತ್ತಬಹುದು. ನಾನು ಒಂದು ಬಿಬಿಸಿ ಮೈಕ್ರೋ ಮುಂದೆ ಕೂತೆ. ಒತ್ತಲಿಲ್ಲ. ಸುಮ್ನೆ ಕೂತೆ.

ಪಕ್ಕದ ಕುರ್ಚಿಯಲ್ಲಿ ನನ್ನದೇ ವಯಸ್ಸಿನ ಒಬ್ಬರಿದ್ದರು. ಬೊಕ್ಕ ತಲೆ, ಕುತ್ತಿಗೆಗೆ ದಾರದಲ್ಲಿ ನೇತುಬಿಟ್ಟ ಕನ್ನಡಕ. ಲಾರಿ ಓಡಿಸುತ್ತಿದ್ದವರು, ಬೆನ್ನು ನೋವಿನಿಂದ ಈಗ ಬಿಟ್ಟಿದ್ದಾರೆ ಅಂತ ಆಮೇಲೆ ಗೊತ್ತಾಯಿತು. ನಮ್ಮ ಕಡೆ ಮದುವೆ ಮನೆಯಲ್ಲಿ "ನೀವು ಹೆಣ್ಣಿನ ಕಡೆಯವರೋ ಗಂಡಿನ ಕಡೆಯವರೋ" ಅಂತ ಕೇಳುತ್ತಾರಲ್ಲ, ಅದೇ ಧಾಟಿಯಲ್ಲಿ ಕೇಳಿದರು: "ನಿಮ್ಮದು ಯಾವುದಿತ್ತು? ಸ್ಪೆಕ್ಟ್ರಮ್ಮಾ, ಬೀಬಾ?"

ಬೀಬ್ ಅಂದರೆ ಬಿಬಿಸಿ ಮೈಕ್ರೋ. ಪ್ರೀತಿಯಿಂದ ಕರೆಯುವ ಹೆಸರು. ಸ್ಪೆಕ್ಟ್ರಮ್ ಅದರ ಎದುರಾಳಿ ಕಂಪ್ಯೂಟರ್. ನಾನು ಯಾವ ದೇಶದವನು ಅನ್ನುವುದು ಅವರಿಗೆ ಬೇಕಿರಲಿಲ್ಲ. ಐವತ್ತು ದಾಟಿದ ಗಂಡಸು ಈ ಕೋಣೆಗೆ ಬಂದಿದ್ದಾನೆ ಅಂದರೆ ಯಾವುದೋ ಒಂದು ಕಡೆಯವನು ಆಗಿರಲೇಬೇಕು. ನಾನು "ಬೀಬ್" ಅಂದುಬಿಟ್ಟೆ. "ಓಹೋ, ಸಾಹುಕಾರರ ಮನೆ!" ಅಂತ ನಕ್ಕರು.

ನಮ್ಮಪ್ಪ ಸೊಸೈಟಿಯಲ್ಲಿ ಗುಮಾಸ್ತರಾಗಿದ್ದರು. ಮನೆಗೆ ಟೀವಿ ಬಂದದ್ದೇ ನಾನು ಪಿಯುಸಿಗೆ ಬಂದಾಗ. ನನ್ನದು ಅಂತ ಹೇಳಿಕೊಳ್ಳಲು ಯಾವ ಕಂಪ್ಯೂಟರೂ ಇರಲಿಲ್ಲ. ಬಿಬಿಸಿ ಮೈಕ್ರೋವನ್ನು ನಾನು ಮುಟ್ಟಿದ್ದು ಎಲ್ಲ ಸೇರಿಸಿದರೆ ಹತ್ತು ನಿಮಿಷ ಆದೀತು. ಅದರಲ್ಲಿ ಕೊನೆಯ ಒಂದು ಸೆಕೆಂಡು ನನ್ನ ಹೈಸ್ಕೂಲು ದಿನಗಳನ್ನೇ ಹಾಳು ಮಾಡಿತು. ಆ ಕಥೆ ಆಮೇಲೆ.

ಒಂದೇ ಊರಿನ ದಾಯಾದಿಗಳು

ಆಪಲ್ಲಿನ ಗ್ಯಾರೇಜ್ ಕಥೆ ಎಲ್ಲರೂ ಕೇಳಿದ್ದೀರಿ, ಬಿಡಿ. ಬ್ರಿಟನ್ನಿನ ಕಥೆ ನನಗೆ ಅದಕ್ಕಿಂತ ಜಾಸ್ತಿ ಇಷ್ಟ. ಯಾಕೆಂದರೆ ಅದು ನಮ್ಮ ಹಳ್ಳಿಯ ಪಾಲು ಜಗಳದ ಹಾಗಿದೆ. ಹೆಚ್ಚುಕಮ್ಮಿ ಇಡೀ ಜಗಳ ನಡೆದದ್ದು ಕೇಂಬ್ರಿಜ್ ಎಂಬ ಒಂದೇ ಊರಿನಲ್ಲಿ. ಒಂದು ಕಡೆ ಕ್ಲೈವ್ ಸಿಂಕ್ಲೇರ್. ಇನ್ನೊಂದು ಕಡೆ ಅವರ ಹತ್ತಿರವೇ ವರ್ಷಗಟ್ಟಲೆ ದುಡಿದು ಹೊರಬಂದ ಕ್ರಿಸ್ ಕರಿ.

ಸಿಂಕ್ಲೇರ್‌ಗೆ ಎರಡೇ ಹುಚ್ಚು. ಯಾವುದನ್ನೇ ಆಗಲಿ ಚಿಕ್ಕದು ಮಾಡಬೇಕು, ಅಗ್ಗ ಮಾಡಬೇಕು. ಕ್ಯಾಲ್ಕುಲೇಟರ್ ಮಾಡಿದರು, ಪುಟ್ಟ ರೇಡಿಯೋ ಮಾಡಿದರು. 1980ರಲ್ಲಿ ಝಡ್ಎಕ್ಸ್80 ಎಂಬ ಕಂಪ್ಯೂಟರನ್ನು 99.95 ಪೌಂಡಿಗೆ ತಂದರು. ಮರುವರ್ಷ ಝಡ್ಎಕ್ಸ್81 ಬಂತು, 69.95 ಪೌಂಡು. ನೀವೇ ಬೆಸುಗೆ ಹಾಕಿ ಜೋಡಿಸಿಕೊಳ್ಳುವುದಾದರೆ 49.95. ಅದರಲ್ಲಿ ಮೆಮೊರಿ ಎಷ್ಟು ಗೊತ್ತಾ? 1 ಕಿಲೋಬೈಟ್. ಈ ಬರಹದ ಮೊದಲ ಎರಡು ಪ್ಯಾರಾ ಕೂಡ ಅದರಲ್ಲಿ ಹಿಡಿಸುವುದಿಲ್ಲ. ಅಷ್ಟರಲ್ಲೇ ಒಬ್ಬರು 672 ಬೈಟಿನಲ್ಲಿ ಚದುರಂಗದ ಆಟ ಬರೆದಿದ್ದರು. ಮೆಮೊರಿ ಸಾಲದವರು 16 ಕೆ ಪೆಟ್ಟಿಗೆಯೊಂದನ್ನು ಹಿಂದುಗಡೆ ಸಿಕ್ಕಿಸಿಕೊಳ್ಳಬಹುದಿತ್ತು. ಅದು ಸಡಿಲ. ಕೀಲಿ ಸ್ವಲ್ಪ ಜೋರಾಗಿ ಒತ್ತಿದರೆ ಪೆಟ್ಟಿಗೆ ಅಲ್ಲಾಡುತ್ತಿತ್ತು. ಅಲ್ಲಾಡಿದರೆ ಮೆಷಿನ್ ನಿಂತು, ಅಲ್ಲಿಯವರೆಗೆ ಬರೆದದ್ದೆಲ್ಲ ಹೋಯಿತು. ಜನ ಅದನ್ನು ಅಂಟಿನ ಮುದ್ದೆ ಹಾಕಿ ನಿಲ್ಲಿಸುತ್ತಿದ್ದರು.

ಕ್ರಿಸ್ ಕರಿ 1978ರಲ್ಲಿ ಹರ್ಮನ್ ಹೌಸರ್ ಎಂಬ ಆಸ್ಟ್ರಿಯಾದ ಭೌತವಿಜ್ಞಾನಿಯ ಜತೆ ಸೇರಿ ಬೇರೆ ಕಂಪನಿ ಕಟ್ಟಿದರು. ಅದೇ ಏಕಾರ್ನ್. ಆಗ ಬಿಬಿಸಿಯವರು ಜನರಿಗೆ ಕಂಪ್ಯೂಟರ್ ಕಲಿಸುವ ಟೀವಿ ಕಾರ್ಯಕ್ರಮ ಮಾಡಲು ಹೊರಟಿದ್ದರು. ಅದಕ್ಕೊಂದು ಮೆಷಿನ್ ಬೇಕು, ಅದರ ಮೇಲೆ ಬಿಬಿಸಿ ಹೆಸರೇ ಇರುತ್ತದೆ. ಸಿಂಕ್ಲೇರ್ ಕೂಡ ಸಾಲಿನಲ್ಲಿದ್ದರು, ಏಕಾರ್ನ್ ಕೂಡ. ಇಲ್ಲಿ ಹೌಸರ್ ಮಾಡಿದ ಕಿತಾಪತಿ ನನಗೆ ಬಹಳ ಇಷ್ಟ. ಬಿಬಿಸಿಯವರು ನೋಡಲು ಬರುವುದು ಶುಕ್ರವಾರ. ತೋರಿಸಲು ಮೆಷಿನ್ನೇ ಇಲ್ಲ, ಇರುವುದು ಕಾಗದದ ಮೇಲಿನ ಯೋಚನೆ. ಹೌಸರ್, ಏಕಾರ್ನ್ ಮೆಷಿನ್ನುಗಳ ವಿನ್ಯಾಸ ಮಾಡುತ್ತಿದ್ದ ಇಬ್ಬರಲ್ಲಿ ಸ್ಟೀವ್ ಫರ್ಬರ್‌ಗೆ ಫೋನ್ ಮಾಡಿ "ಒಂದು ವಾರದಲ್ಲಿ ಆಗುತ್ತದಂತೆ, ಸೋಫಿ ವಿಲ್ಸನ್ ಒಪ್ಪಿಕೊಂಡಿದ್ದಾರೆ" ಅಂದರು. ಆ ಕಡೆ ವಿಲ್ಸನ್‌ಗೆ ಫೋನ್ ಮಾಡಿ "ಫರ್ಬರ್ ಒಪ್ಪಿಕೊಂಡಿದ್ದಾರೆ" ಅಂದರು. ಇಬ್ಬರಿಗೂ ಆಗಲ್ಲ ಅಂತ ಹೇಳಲು ಮರ್ಯಾದೆ ಬಿಡಲಿಲ್ಲ. ಹಗಲು ರಾತ್ರಿ ಕೂತು ತಂತಿ ಸುತ್ತಿದರು. ಶುಕ್ರವಾರ ಬೆಳಗ್ಗೆ, ಬಿಬಿಸಿಯವರು ಬರುವುದಕ್ಕೆ ಕೆಲವೇ ಗಂಟೆ ಮೊದಲು, ಮೆಷಿನ್ ಓಡಿತು. ನಮ್ಮಲ್ಲಿ ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ. ಇವರು ಎರಡರಲ್ಲೇ ಮುಗಿಸಿದರು.

ಹಾಗೆ ಹುಟ್ಟಿದ ಬಿಬಿಸಿ ಮೈಕ್ರೋ 12 ಸಾವಿರ ಮಾರಾಟವಾದೀತು ಅಂತ ಬಿಬಿಸಿಯವರ ಅಂದಾಜು. ಕೊನೆಗೆ ಹೋದದ್ದು 15 ಲಕ್ಷಕ್ಕೂ ಜಾಸ್ತಿ. ಸಿಂಕ್ಲೇರ್ ಸುಮ್ಮನಿರುತ್ತಾರಾ? 1982ರ ಏಪ್ರಿಲ್‌ನಲ್ಲಿ ಝಡ್ಎಕ್ಸ್ ಸ್ಪೆಕ್ಟ್ರಮ್ ತಂದರು. ರಬ್ಬರ್ ಕೀಲಿ, ಬಣ್ಣದ ಚಿತ್ರ. 16 ಕೆ ಮೆಮೊರಿಯದ್ದು 125 ಪೌಂಡು, 48 ಕೆಯದ್ದು 175. ಬಿಬಿಸಿಯ ಮಾಡೆಲ್ ಬಿ ಆಗ 399. ಈ ಲೆಕ್ಕ ನೋಡಿದರೆ ಲಾರಿ ಸಾಹೇಬರು "ಸಾಹುಕಾರರ ಮನೆ" ಅಂದದ್ದು ಯಾಕೆ ಅಂತ ತಿಳಿಯುತ್ತದೆ. 1984ರ ಡಿಸೆಂಬರಿನಲ್ಲಿ ಏಕಾರ್ನ್‌ನವರು ಸಿಂಕ್ಲೇರ್ ಮೆಷಿನ್ನುಗಳು ಬೇಗ ಕೆಡುತ್ತವೆ ಅನ್ನುವ ಅರ್ಥ ಬರುವ ಜಾಹೀರಾತು ಹಾಕಿದರು. ಅಷ್ಟು ಹೊತ್ತಿಗೆ ಸರ್ ಪದವಿ ಪಡೆದಿದ್ದ ಕ್ಲೈವ್ ಸಿಂಕ್ಲೇರ್, ಬ್ಯಾರನ್ ಆಫ್ ಬೀಫ್ ಎಂಬ ಪಬ್‌ನಲ್ಲಿ ತಮ್ಮ ಹಳೇ ಶಿಷ್ಯನನ್ನು ಸುರುಳಿ ಸುತ್ತಿದ ಪೇಪರಿನಿಂದ ಬಾರಿಸಿದರು. ಆ ಪಬ್ ಈಗಲೂ ಇದೆ. ನಾನೂ ಹೋಗಿ ಹೊರಗಿನಿಂದ ಫೋಟೋ ತೆಗೆದುಕೊಂಡು ಬಂದೆ. ಹೆಂಡತಿ ಕೇಳಿದಳು, "ಇದೂ ಚರ್ಚಾ?"

ಕ್ಯಾಸೆಟ್ ಕೊಟ್ಟವನೇ ನೆಂಟ

ಯಾವ ಮೆಷಿನ್ ಒಳ್ಳೆಯದು ಅನ್ನುವ ಜಗಳದಲ್ಲಿ ಹುಡುಗರು ಹೇಳುತ್ತಿದ್ದದ್ದೆಲ್ಲ ತಾಂತ್ರಿಕ ಕಾರಣಗಳೇ. ಸ್ಪೆಕ್ಟ್ರಮ್‌ನಲ್ಲಿ ಪರದೆಯ ಒಂದೊಂದು ಪುಟ್ಟ ಚೌಕಕ್ಕೆ ಎರಡೇ ಬಣ್ಣ. ಹಸಿರು ಮರದ ಮುಂದೆ ಹಳದಿ ಮನುಷ್ಯ ಹಾದುಹೋದರೆ ಮರದ ಒಂದು ಭಾಗವೂ ಹಳದಿಯಾಗುತ್ತಿತ್ತು, ಹೊಸ ಸೀರೆ ಜತೆ ಪಂಚೆ ನೆನೆಹಾಕಿದ ಹಾಗೆ. ಅಮೆರಿಕದಿಂದ ಬಂದ ಕಮೋಡೋರ್ 64ರವರು ಅದನ್ನು ಕಂಡು ಆಡಿಕೊಳ್ಳುತ್ತಿದ್ದರು. ಅವರ ಮೆಷಿನ್ನಿನಲ್ಲಿ ಸಂಗೀತಕ್ಕೇ ಅಂತ ಬೇರೆ ಚಿಪ್ ಇತ್ತು, ಮೂರು ಸ್ವರ ಒಟ್ಟಿಗೆ ಬರುತ್ತಿತ್ತು. ಸ್ಪೆಕ್ಟ್ರಮ್ ಬರೀ ಕೀಚಲು. ಬಿಬಿಸಿಯವರ ಜಂಬ ಕೀಬೋರ್ಡು ಮತ್ತು ಪ್ರೋಗ್ರಾಮ್ ಬರೆಯುವ ಬೇಸಿಕ್ ಭಾಷೆ. ಎಲ್ಲ ನಿಜ. ಆದರೆ ಯಾರೂ ಇದನ್ನೆಲ್ಲ ತೂಗಿ ನೋಡಿ ಕೊಂಡವರಲ್ಲ ಅಂತ ನನ್ನ ಗುಮಾನಿ.

ಲಾರಿ ಸಾಹೇಬರನ್ನು ಕೇಳಿದೆ, ನೀವು ಸ್ಪೆಕ್ಟ್ರಮ್ ಕಡೆ ಯಾಕೆ ಹೋದಿರಿ ಅಂತ. ಬಣ್ಣ, ಬೆಲೆ ಅಂತ ಏನೋ ಹೇಳುತ್ತಾರೆ ಅಂದುಕೊಂಡಿದ್ದೆ. "ಬೀದಿಯಲ್ಲಿ ಮೊದಲು ಕೊಂಡವನ ಹತ್ತಿರ ಅದಿತ್ತು" ಅಂದರು. ಅಷ್ಟೇ. ಆ ಮೊದಲನೆಯವನ ಹತ್ತಿರ ನಲವತ್ತೋ ಐವತ್ತೋ ಕ್ಯಾಸೆಟ್. ಆಟಗಳೆಲ್ಲ ಮಾಮೂಲಿ ಆಡಿಯೋ ಕ್ಯಾಸೆಟ್ಟಿನಲ್ಲೇ ಬರುತ್ತಿದ್ದವಲ್ಲ, ಎರಡು ಡೆಕ್ಕಿನ ಟೇಪ್ ರೆಕಾರ್ಡರ್ ಇದ್ದವನ ಮನೆಗೆ ಹೋದರೆ ಒಂದು ಸಂಜೆಯಲ್ಲಿ ನಾಲ್ಕು ಆಟ ಕಾಪಿ. ಬೇರೆ ಮೆಷಿನ್ ಕೊಂಡರೆ ಆ ಬೀದಿಯಲ್ಲಿ ನೀನು ಅನಾಥ. ಅವರ ಕ್ಲಾಸಿನಲ್ಲಿ ಒಬ್ಬ ಹುಡುಗನ ಅಪ್ಪ, ತಿಳಿದವರು, ಎಲ್ಲ ಓದಿ, ಎಲ್ಲಕ್ಕಿಂತ ಒಳ್ಳೆಯ ಮೆಷಿನ್ ಯಾವುದೋ ಅದನ್ನೇ ತಂದುಕೊಟ್ಟರಂತೆ. ಯಾವುದು ಅಂತ ಇವರಿಗೆ ಈಗ ಹೆಸರೂ ನೆನಪಿಲ್ಲ. ಆ ಹುಡುಗ ಎರಡು ವರ್ಷ ಒಂದೇ ಆಟ ಆಡಿಕೊಂಡು ಕೂತಿದ್ದನಂತೆ, ಪಾಪ.

ಯೋಚನೆ ಮಾಡಿದರೆ ನಮ್ಮಲ್ಲೂ ಹಾಗೇ ಅಲ್ವಾ. ನಮ್ಮ ಬೀದಿಯಲ್ಲಿ ಎಲ್ಲರೂ ಒಂದೇ ಕಂಪನಿ ಸ್ಕೂಟರ್ ಕೊಂಡದ್ದು ಅದು ಚೆನ್ನಾಗಿದೆ ಅಂತಲ್ಲ, ಮೂಲೆಯ ಮೆಕ್ಯಾನಿಕ್‌ಗೆ ಅದೊಂದೇ ಬಿಚ್ಚಲು ಬರುತ್ತಿತ್ತು ಅಂತ. ಅಭಿಮಾನ ಬರುವುದು ಆಮೇಲೆ. ಮೊದಲು ನೆರೆಹೊರೆ, ಅದರ ಹಿಂದೆ ಅಪ್ಪನ ಜೇಬು. ಕಾರಣಗಳನ್ನು ಜಗಳ ಶುರುವಾದ ಮೇಲೆ ಹುಡುಕಿಕೊಂಡದ್ದು.

ಈ ಗೋಡೆ ಒಡೆಯಲು ಹಾಲೆಂಡಿನಲ್ಲಿ ಒಂದು ಪ್ರಯತ್ನ ನಡೆಯಿತು. ಅಲ್ಲಿನ ರೇಡಿಯೋದಲ್ಲಿ ಕಂಪ್ಯೂಟರ್ ಹವ್ಯಾಸಿಗಳಿಗೆ ಅಂತಲೇ ಒಂದು ಕಾರ್ಯಕ್ರಮ ಬರುತ್ತಿತ್ತು. ಅದರಲ್ಲಿ ಪ್ರೋಗ್ರಾಮುಗಳನ್ನು ನೇರವಾಗಿ ಪ್ರಸಾರ ಮಾಡುತ್ತಿದ್ದರು. ಅಂದರೆ ರೇಡಿಯೋದಲ್ಲಿ ಕೀಈಈ ಕರ್ರ್ರ್ ಅಂತ ಸದ್ದು. ನೀವು ಟೇಪ್ ರೆಕಾರ್ಡರ್ ಹಿಡಿದು ಅದನ್ನು ತುಂಬಿಕೊಳ್ಳಬೇಕು, ಆಮೇಲೆ ಕಂಪ್ಯೂಟರಿಗೆ ಕೇಳಿಸಬೇಕು. ಒಂದೊಂದು ಮೆಷಿನ್ನಿಗೆ ಒಂದೊಂದು ಸಲ ಪ್ರಸಾರ ಮಾಡುವುದು ರಗಳೆ ಅಂತ, ಎಲ್ಲಕ್ಕೂ ಅರ್ಥವಾಗುವ ಒಂದು ಸಾಮಾನ್ಯ ಬೇಸಿಕ್ ಮಾಡಿದರು. ಬೇಸಿಕೋಡ್ ಅಂತ ಹೆಸರು. ಒಂದೇ ಕೀಚಲು, ಎಲ್ಲ ಪಕ್ಷದವರಿಗೂ. ಬೆಳಗಿನ ಪ್ರದೇಶ ಸಮಾಚಾರ ಮುಗಿದ ಮೇಲೆ ಆಕಾಶವಾಣಿಯಲ್ಲಿ ಹತ್ತು ನಿಮಿಷ ಆ ಥರ ಸದ್ದು ಬಂದರೆ ನಮ್ಮಜ್ಜಿ ಏನು ಮಾಡುತ್ತಿದ್ದಳು ಅಂತ ಯೋಚಿಸುತ್ತೇನೆ. ರೇಡಿಯೋ ತಲೆಗೆ ಎರಡು ಬಡಿಯುತ್ತಿದ್ದಳು.

ಕೆಂಪು ಕೀಲಿಗಳು

ಬ್ರಿಟನ್ನಿನ ಶಾಲೆಗಳು ಕಂಪ್ಯೂಟರ್ ಕೊಂಡಾಗ ಸರ್ಕಾರ ಅರ್ಧ ದುಡ್ಡು ಕೊಡುತ್ತಿತ್ತು. ಹಾಗಾಗಿ ಮನೆಯಲ್ಲಿ ಸ್ಪೆಕ್ಟ್ರಮ್ ಇದ್ದವನಿಗೂ ಸ್ಕೂಲಿನಲ್ಲಿ ಸಿಗುತ್ತಿದ್ದದ್ದು ಬೀಬ್. ಅದೇ ಬೀಬ್ ನಮ್ಮ ದೇಶಕ್ಕೂ ಬಂತು. 1984–85ರಲ್ಲಿ ಕೇಂದ್ರ ಸರ್ಕಾರ ಕ್ಲಾಸ್ ಅನ್ನುವ ಯೋಜನೆ ಶುರು ಮಾಡಿತು, ಶಾಲೆಗಳಲ್ಲಿ ಕಂಪ್ಯೂಟರ್ ಸಾಕ್ಷರತೆಗೆ. ಮೊದಲ ಸುತ್ತಿನಲ್ಲಿ ದೇಶದಲ್ಲೆಲ್ಲ ಸುಮಾರು 250 ಶಾಲೆ. ಹಾಸನ ಜಿಲ್ಲೆಯಲ್ಲಿದ್ದ ನನ್ನ ಶಾಲೆಗೂ ಒಂದೆರಡು ವರ್ಷ ತಡವಾಗಿ ಎರಡು ಮೆಷಿನ್ ಬಂದವು.

ಅವು ಬರುವ ಮೊದಲು ಕೋಣೆ ತಯಾರಾಯಿತು. ಸುಣ್ಣ ಹೊಡೆಸಿದರು. ಕಿಟಕಿಗೆ ಹಸಿರು ಪರದೆ ಬಂತು. ನೆಲಕ್ಕೆ ಹಾಸು. ಚಪ್ಪಲಿ ಹೊರಗೆ ಬಿಡಬೇಕು, ಕಾಲು ತೊಳೆದಿರಬೇಕು. ಪೂಜೆ ದಿನ ಎರಡೂ ಮೆಷಿನ್ನಿಗೆ ಕುಂಕುಮ ಹಚ್ಚಿದರು. ಒಂದರ ಸ್ಪೇಸ್ ಬಾರ್ ಮೇಲೆ ಆ ಕಲೆ ಕೊನೆಯವರೆಗೂ ಇತ್ತು. ಬೀಗದ ಕೈ ಹೆಡ್‌ಮಾಸ್ಟರ ಹತ್ತಿರ. ಜತೆಗೆ ಬಂದಿದ್ದ ದಪ್ಪ ಪುಸ್ತಕ ಕೆಟ್ಟು ಹೋಗಬಾರದು ಅಂತ ಬೀರುವಿನಲ್ಲಿ, ಅದಕ್ಕೆ ಇನ್ನೊಂದು ಬೀಗ.

ಫಿಸಿಕ್ಸ್ ಮೇಷ್ಟ್ರು ರಜೆಯಲ್ಲಿ ತರಬೇತಿಗೆ ಹೋಗಿ ಬಂದಿದ್ದರು. ಒಳ್ಳೆಯವರು, ಮುಂಗೋಪ ಜಾಸ್ತಿ. ಮೊದಲ ತಿಂಗಳು ನಾವು ಬರೀ ನೋಡಿದೆವು. ಒಂದು ಮೆಷಿನ್ನಿಗೆ ಇಪ್ಪತ್ತು ಹುಡುಗರು. ಆನ್ ಮಾಡಿದಾಗ ಮೊದಲು ದಪ್ಪ ದನಿ, ಆಮೇಲೆ ಚಿಕ್ಕ ಬೀಪ್, ಪರದೆಯ ಮೇಲೆ "ಬಿಬಿಸಿ ಕಂಪ್ಯೂಟರ್ 32ಕೆ" ಅಂತ ಇಂಗ್ಲಿಷಿನಲ್ಲಿ. ಬೂದು ಬಣ್ಣದ್ದು ಏನೋ ಇರುತ್ತದೆ ಅಂದುಕೊಂಡಿದ್ದರೆ ಕೆನೆ ಬಣ್ಣದ ಡಬ್ಬಿ, ಕಪ್ಪು ಕೀಲಿ, ಮೇಲಿನ ಸಾಲಿನಲ್ಲಿ ಹತ್ತು ಕೆಂಪು ಕೀಲಿ. ಆ ಕೆಂಪು ಕೀಲಿಗಳು ಏನು ಮಾಡುತ್ತವೆ ಅಂತ ಯಾರೂ ಹೇಳಲಿಲ್ಲ. ನನಗೆ ಅದೇ ಚಿಂತೆ.

ನವೆಂಬರ್ ಬಂತು. ರಾಜ್ಯೋತ್ಸವಕ್ಕೆ ಕಂಪ್ಯೂಟರಿನಲ್ಲಿ ಏನಾದರೂ ತೋರಿಸಬೇಕು, ಜಿಲ್ಲೆಯಿಂದ ಸಾಹೇಬರು ಬರುತ್ತಾರೆ. ಮೇಷ್ಟ್ರು ಆಗಸ್ಟಿನಲ್ಲೇ ರಾಷ್ಟ್ರಧ್ವಜ ಬಿಡಿಸಲು ನೋಡಿ ಕೈಬಿಟ್ಟಿದ್ದರು. ಬಿಬಿಸಿಯಲ್ಲಿ ಇದ್ದದ್ದು ಎಂಟೇ ಬಣ್ಣ. ಕಪ್ಪು, ಕೆಂಪು, ಹಸಿರು, ಹಳದಿ, ನೀಲಿ, ಮೆಜೆಂಟಾ, ಸಯಾನ್, ಬಿಳಿ. ಕೇಸರಿ ಇಲ್ಲ. ಕನ್ನಡದ ಬಾವುಟಕ್ಕೆ ಆ ತೊಂದರೆಯಿಲ್ಲ. ಮೆಷಿನ್ನಿಗೆ ಹಳದಿಯ ಸಂಖ್ಯೆ 3, ಕೆಂಪಿನದು 1. "ನೋಡ್ರೋ, ಇಂಗ್ಲೆಂಡಿನವನು ನಮಗೋಸ್ಕರ ಅರಿಶಿನ ಕುಂಕುಮ ಇಟ್ಟವ್ನೆ" ಅಂದರು.

ಬಾವುಟ ಸುಲಭ. ಅದರ ಕೆಳಗೆ "ಕನ್ನಡ" ಅಂತ ಕನ್ನಡದಲ್ಲೇ ಬರಬೇಕು ಅಂತ ಹಟ ಹಿಡಿದರು. ಆ ಮೆಷಿನ್ನಿನಲ್ಲಿ ನಮ್ಮದೇ ಅಕ್ಷರ ಮಾಡಿಕೊಳ್ಳಲು ಒಂದು ದಾರಿಯಿತ್ತು. ಒಂದು ಅಕ್ಷರಕ್ಕೆ ಎಂಟು ಸಾಲು, ಸಾಲಿಗೆ ಎಂಟು ಚೌಕ. ಯಾವ ಚೌಕ ತುಂಬಬೇಕೋ ಅದನ್ನು ಲೆಕ್ಕ ಹಾಕಿ ಸಾಲಿಗೊಂದು ಸಂಖ್ಯೆ ಕೊಡಬೇಕು. ನಡುವಿನ ನಾಲ್ಕು ಚೌಕ ತುಂಬಿದರೆ 60, ಎಂಟೂ ತುಂಬಿದರೆ 255. ಮೇಷ್ಟ್ರು ಗ್ರಾಫ್ ಹಾಳೆ ತಂದು ಪೆನ್ಸಿಲಿನಲ್ಲಿ "ಕ" ಬಿಡಿಸಿದರು. ತಲೆಕಟ್ಟು ಒಂದು ಸಾಲು ತಿಂದಿತು. "ಡ" ಕೂಡ ಹೇಗೋ ಬಂತು. ಒತ್ತಕ್ಷರ ಎಂಟು ಸಾಲಿನಲ್ಲಿ ಹಿಡಿಸಲೇ ಇಲ್ಲ. ಎರಡು ಚೌಕ ಒಂದರ ಕೆಳಗೊಂದು ಇಟ್ಟು, ಮೇಲೆ "ನ", ಕೆಳಗೆ ಒತ್ತು ಮಾಡಿದರು. ಅಳಿಸಿ ಅಳಿಸಿ ಹಾಳೆ ತೂತು ಬಿದ್ದಿತ್ತು. ಆ ಸಂಖ್ಯೆಗಳನ್ನು ಓದಿ ಹೇಳುವ ಕೆಲಸ ನನಗೆ ಸಿಕ್ಕಿತು. ನಾನು ಓದುವುದು, ಅವರು ಎರಡು ಬೆರಳಿನಲ್ಲಿ ಹುಡುಕಿ ಒತ್ತುವುದು. ಎರಡು ಪೀರಿಯಡ್ ಆಯಿತು. ಕೊನೆಗೆ ಓಡಿಸಿದಾಗ ಬಾವುಟದ ಕೆಳಗೆ ಬಿಳಿ ಅಕ್ಷರದಲ್ಲಿ ಬಂತು: ಕನ್ನಡ. ಸ್ವಲ್ಪ ಸೊಟ್ಟಗೆ, ಒತ್ತು ಒಂದಿಷ್ಟು ಪಕ್ಕಕ್ಕೆ ಜಾರಿತ್ತು. ಇಪ್ಪತ್ತು ಹುಡುಗರು ಒಟ್ಟಿಗೆ ಚಪ್ಪಾಳೆ ತಟ್ಟಿದೆವು.

ಇದನ್ನು ಕ್ಯಾಸೆಟ್ಟಿಗೆ ತುಂಬಿಡಬೇಕು. ಟೇಪ್ ರೆಕಾರ್ಡರ್ ಇಲ್ಲ. ಅದನ್ನು ಕೋಲಾಟದ ಪ್ರಾಕ್ಟೀಸಿಗೆ ಅಂತ ಹುಡುಗಿಯರ ವಿಭಾಗಕ್ಕೆ ಒಯ್ದಿದ್ದರು. "ತರ್ತೀನಿ, ಯಾರೂ ಏನೂ ಮುಟ್ಟಬೇಡಿ" ಅಂತ ಹೇಳಿ ಮೇಷ್ಟ್ರು ಹೋದರು.

ನಾನು ಆ ಕೆಂಪು ಕೀಲಿಗಳನ್ನು ಒಂದೊಂದಾಗಿ ಒತ್ತಿದೆ. ಏನೂ ಆಗಲಿಲ್ಲ. ಸಾಲಿನ ಬಲತುದಿಯಲ್ಲಿ ಕೆಂಪಲ್ಲದ ಒಂದು ಕೀಲಿ ಇತ್ತು, ಬ್ರೇಕ್ ಅಂತ ಬರೆದಿತ್ತು. ಅದನ್ನೂ ಒತ್ತಿದೆ.

ಪರದೆ ಖಾಲಿ. ಬಿಬಿಸಿ ಕಂಪ್ಯೂಟರ್.

ಮೇಷ್ಟ್ರು ಬಂದು, ಬರೆದ ಪ್ರೋಗ್ರಾಮ್ ತೋರಿಸು ಅನ್ನುವುದಕ್ಕೆ ಲಿಸ್ಟ್ ಅಂತ ಟೈಪ್ ಮಾಡಿದರು. ಏನೂ ಬರಲಿಲ್ಲ. ಇನ್ನೊಂದು ಸಲ ಮಾಡಿದರು. ನನ್ನ ಕೆನ್ನೆಗೆ ಬಿದ್ದದ್ದು ಆಮೇಲೆ. ಅದಕ್ಕಿಂತ ಅವರು ಆ ತೂತು ಬಿದ್ದ ಹಾಳೆಯನ್ನು ಮಡಚಿ ಜೇಬಿಗೆ ಇಟ್ಟುಕೊಂಡದ್ದು ಕಣ್ಣಿಗೆ ಕಟ್ಟಿದೆ. ಆ ವರ್ಷ ಸಾಹೇಬರಿಗೆ ಮಗ್ಗಿ ತೋರಿಸಿದರಂತೆ. ಅಂತೆ, ಯಾಕೆಂದರೆ ನಾನು ಹೊರಗಿದ್ದೆ. ಹತ್ತನೇ ಕ್ಲಾಸ್ ಮುಗಿಯುವವರೆಗೂ ಆ ಕೋಣೆಗೆ ನನಗೆ ಪ್ರವೇಶವಿರಲಿಲ್ಲ. ಹೊರಗೆ ಚಪ್ಪಲಿ ಕಾಯುತ್ತಿದ್ದೆ.

ಮುಳುಗಿದ ಹಡಗಿನಲ್ಲಿದ್ದ ಚಿಪ್ಪು

ನಮ್ಮೂರಿನಲ್ಲಿ ಬೀಬಿಗೆ ಕುಂಕುಮ ಹಚ್ಚುವ ಹೊತ್ತಿಗೆ ಅದನ್ನು ಮಾಡಿದವರು ದಿವಾಳಿಯ ಅಂಚಿಗೆ ಹೋಗಿ ಬಂದಿದ್ದರು ಅನ್ನುವುದು ನನಗೆ ತಿಳಿದದ್ದು ತೀರಾ ಈಚೆಗೆ. ಏಕಾರ್ನ್ ಸ್ಪೆಕ್ಟ್ರಮ್‌ಗೆ ಎದುರಾಗಿ ಎಲೆಕ್ಟ್ರಾನ್ ಎಂಬ ಅಗ್ಗದ ಮೆಷಿನ್ ಮಾಡಿತ್ತು. 1983ರ ಕ್ರಿಸ್‌ಮಸ್‌ಗೆ ಜನ ಕ್ಯೂ ನಿಂತರು, ಮಾಲು ಇಲ್ಲ. ಮುಂದಿನ ಕ್ರಿಸ್‌ಮಸ್‌ಗೆ ಗೋಡೌನ್ ತುಂಬ ಮಾಲು, ಜನ ಇಲ್ಲ. ಟೊಮೆಟೊ ಬೆಳೆದ ಯಾವ ರೈತನಿಗಾದರೂ ಈ ಲೆಕ್ಕ ಅರ್ಥವಾಗುತ್ತದೆ. 1985ರ ಫೆಬ್ರುವರಿಯಲ್ಲಿ ಇಟಲಿಯ ಒಲಿವೆಟ್ಟಿ ಕಂಪನಿ ಬಂದು ಕೈಹಿಡಿಯಿತು. ಗೆದ್ದವರು ಸಿಂಕ್ಲೇರ್ ಅಂದುಕೊಂಡರೆ ಅವರೂ ಉಳಿಯಲಿಲ್ಲ. ಮೂರು ಚಕ್ರದ ಬ್ಯಾಟರಿ ಗಾಡಿ ಮಾಡಲು ಹೋಗಿ ಕೈಸುಟ್ಟುಕೊಂಡು, 1986ರ ಏಪ್ರಿಲ್‌ನಲ್ಲಿ ಕಂಪ್ಯೂಟರ್ ವ್ಯಾಪಾರವನ್ನೆಲ್ಲ ಆಮ್‌ಸ್ಟ್ರಾಡ್ ಎಂಬ ಕಂಪನಿಗೆ 50 ಲಕ್ಷ ಪೌಂಡಿಗೆ ಮಾರಿದರು. ಕಮೋಡೋರ್ ಎಲ್ಲರಿಗಿಂತ ಜಾಸ್ತಿ ಮಾರಿ, ಎಲ್ಲರಿಗಿಂತ ಜಾಸ್ತಿ ಮೆರೆದು, 1994ರಲ್ಲಿ ಬಾಗಿಲು ಹಾಕಿತು. ಬೀದಿಯಲ್ಲಿ ಹುಡುಗರು ಇನ್ನೂ ಜಗಳವಾಡುತ್ತಲೇ ಇದ್ದರು.

ಆದರೆ ಏಕಾರ್ನ್ ಮುಳುಗುತ್ತಿದ್ದಾಗಲೇ ಒಳಗೆ ಅದೇ ಇಬ್ಬರು, ವಿಲ್ಸನ್ ಮತ್ತು ಫರ್ಬರ್, ಒಂದು ಹೊಸ ಚಿಪ್ ಮಾಡುತ್ತಿದ್ದರು. ಚಿಪ್ ಮಾಡುವುದು ದೊಡ್ಡ ಕಂಪನಿಗಳ ಕೆಲಸ ಅಂತ ಅವರಿಗೂ ಅಳುಕಿತ್ತು. ಅಮೆರಿಕಕ್ಕೆ ಹೋಗಿ, ಬಿಬಿಸಿಯಲ್ಲಿದ್ದ 6502 ಚಿಪ್ಪಿನ ಮುಂದಿನ ರೂಪ ಮಾಡುತ್ತಿದ್ದವರನ್ನು ನೋಡಿದರು. ಅದೊಂದು ಮಾಮೂಲಿ ಬಂಗಲೆ, ಕೆಲಸಕ್ಕೆ ಕೆಲವೇ ಜನ. ಇವರಿಗೆ ಧೈರ್ಯ ಬಂತು. ಇವರು ಆ ಹೊಸ ಚಿಪ್ ಹೇಗೆ ನಡೆದುಕೊಳ್ಳಬೇಕು ಅನ್ನುವುದನ್ನು ಬಿಬಿಸಿ ಬೇಸಿಕ್‌ನಲ್ಲೇ 808 ಸಾಲಿನಲ್ಲಿ ಬರೆದರು. ನಮ್ಮ ಮೇಷ್ಟ್ರು ಬಾವುಟ ಬರೆದ ಅದೇ ಭಾಷೆ.

1985ರ ಏಪ್ರಿಲ್ 26ರಂದು ಮೊದಲ ಚಿಪ್ ಬಂತು. ಹಾಕಿದರು, ಓಡಿತು. ಎಷ್ಟು ಕರೆಂಟ್ ಎಳೆಯುತ್ತದೆ ನೋಡೋಣ ಅಂತ ಫರ್ಬರ್ ಮೀಟರ್ ಇಟ್ಟರೆ ಸೊನ್ನೆ. ಹುಡುಕಿದರೆ ಚಿಪ್ಪಿಗೆ ಕರೆಂಟ್ ಸಂಪರ್ಕವನ್ನೇ ಕೊಟ್ಟಿಲ್ಲ! ಸುತ್ತಲಿನ ಚಿಪ್ಪುಗಳಿಂದ ಸಿಗ್ನಲ್ ತಂತಿಗಳಲ್ಲಿ ಸೋರಿ ಬರುತ್ತಿದ್ದ ಅಷ್ಟಿಷ್ಟು ಕರೆಂಟಿನಲ್ಲೇ ಅದು ಓಡುತ್ತಿತ್ತು, ಪಕ್ಕದ ಮನೆ ದೀಪದ ಬೆಳಕಿನಲ್ಲಿ ಓದಿ ಪಾಸಾದ ಹುಡುಗನ ಹಾಗೆ. ಅವರು ಮೊಬೈಲ್ ಫೋನಿಗೆ ಅಂತ ಅದನ್ನು ಮಾಡಲಿಲ್ಲ. ಜಾಸ್ತಿ ಬಿಸಿಯಾದರೆ ದುಬಾರಿ ಸೆರಾಮಿಕ್ ಕವಚ ಬೇಕಾಗುತ್ತದೆ, ಅಗ್ಗದ ಪ್ಲಾಸ್ಟಿಕ್ ಸಾಕಾಗಬೇಕು ಅಂತ ಕರೆಂಟ್ ಉಳಿಸಿದ್ದು. ದುಡ್ಡಿಲ್ಲದವರ ಲೆಕ್ಕಾಚಾರ. ಆ ಚಿಪ್ಪೇ ಆರ್ಮ್. 1990ರಲ್ಲಿ ಅದು ಬೇರೆ ಕಂಪನಿಯಾಯಿತು, ಕೇಂಬ್ರಿಜ್ ಹತ್ತಿರದ ಒಂದು ಕಣಜದಂಥ ಕಟ್ಟಡದಲ್ಲಿ, ಹನ್ನೆರಡು ಜನ ಇಂಜಿನಿಯರುಗಳಿಂದ. ನೀವು ಇದನ್ನು ಮೊಬೈಲಿನಲ್ಲಿ ಓದುತ್ತಿದ್ದರೆ ಅದರ ಸಂತಾನವೇ ನಿಮ್ಮ ಕೈಯಲ್ಲಿದೆ. ಬೆಂಗಳೂರಿನಲ್ಲೂ ಆ ಕಂಪನಿಯ ದೊಡ್ಡ ಕಚೇರಿಯಿದೆ. ನಾನು ದಿನಾ ಸಿಗ್ನಲ್‌ನಲ್ಲಿ ಸಿಕ್ಕಿಹಾಕಿಕೊಂಡು ಬೈದುಕೊಳ್ಳುವ ರಸ್ತೆಯ ಆಸುಪಾಸಿನಲ್ಲಿ ಯಾರೋ ಹುಡುಗ ಹುಡುಗಿಯರು ಕೂತು ಅದರ ಮುಂದಿನ ಭಾಗಗಳನ್ನು ಮಾಡುತ್ತಿರುತ್ತಾರೆ.

ಇದನ್ನೆಲ್ಲ ಲಾರಿ ಸಾಹೇಬರಿಗೆ ಹೇಳಿ "ಕೊನೆಗೂ ಬೀಬೇ ಗೆದ್ದಿತಲ್ಲ" ಅಂತ ಕಾಲೆಳೆದೆ. ಅವರು ಒಪ್ಪಲಿಲ್ಲ. "ಆಟ ಚೆನ್ನಾಗಿದ್ದದ್ದು ಸ್ಪೆಕ್ಟ್ರಮ್ಮಿನದ್ದು" ಅಂದರು.

ಓಲ್ಡ್

ಆಮೇಲೆ ನಾನು ಸುಳ್ಳು ಒಪ್ಪಿಕೊಂಡೆ. ಬೀಬ್ ನಂದಲ್ಲ, ಸ್ಕೂಲಿನದ್ದು, ಅದೂ ಹತ್ತು ನಿಮಿಷ ಅಂತ ಹೇಳಿ ಬಾವುಟದ ಕಥೆ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು ಕನ್ನಡಕ ಏರಿಸಿದರು. ಕೀಬೋರ್ಡ್ ತಮ್ಮ ಕಡೆ ಎಳೆದುಕೊಂಡು, ಸ್ಕೂಲಿನಲ್ಲಿ ಕಲಿತದ್ದು ಇನ್ನೂ ಬೆರಳಿನಲ್ಲಿದೆ ಅನ್ನುತ್ತ, ಏಳೆಂಟು ಸಾಲು ಬರೆದರು. "ಮೇಲೆ ಯಾವ ಬಣ್ಣ?" ಅಂದರು. ಹಳದಿ ಅಂದೆ, ಸಂಖ್ಯೆ 3. "ಕೆಳಗೆ?" ಕೆಂಪು, 1. ಓಡಿಸಿದರು. ಬಾವುಟ ಬಂತು. ಅಕ್ಷರ ಇಲ್ಲ, ಬರೀ ಬಾವುಟ.

"ಈಗ ಬ್ರೇಕ್ ಒತ್ತಿ" ಅಂದರು.

ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. ಅವರೇ ಒತ್ತಿದರು. ಪರದೆ ಖಾಲಿಯಾಯಿತು. ಲಿಸ್ಟ್ ಅಂತ ಟೈಪ್ ಮಾಡಿ ಏನೂ ಬರದ್ದನ್ನು ತೋರಿಸಿದರು. ಆಮೇಲೆ ಮೂರು ಅಕ್ಷರ ಒತ್ತಿದರು. ಓ, ಎಲ್, ಡಿ. ಓಲ್ಡ್. ಮತ್ತೆ ಲಿಸ್ಟ್. ಏಳೆಂಟು ಸಾಲೂ ವಾಪಸ್ ಬಂದವು.

ಬ್ರೇಕ್ ಒತ್ತಿದರೆ ಪ್ರೋಗ್ರಾಮ್ ಅಳಿಸಿ ಹೋಗುವುದಿಲ್ಲವಂತೆ. ಮೆಷಿನ್ ಅದನ್ನು ಮರೆತ ಹಾಗೆ ಮಾಡುತ್ತದೆ, ಅಷ್ಟೇ. ಹೊಸದಾಗಿ ಏನೂ ಬರೆಯದಿದ್ದರೆ ಓಲ್ಡ್ ಅಂದರೆ ಸಾಕು. ಬ್ರಿಟನ್ನಿನ ಪ್ರತಿ ಸ್ಕೂಲಿನಲ್ಲೂ ಯಾರಾದರೊಬ್ಬ ತರಲೆ ಪಕ್ಕದವನ ಬ್ರೇಕ್ ಒತ್ತಿ ಓಡುತ್ತಿದ್ದನಂತೆ. ಪಕ್ಕದವನು ಬೈದುಕೊಂಡು ಓಲ್ಡ್ ಟೈಪ್ ಮಾಡುತ್ತಿದ್ದನಂತೆ. ಒಬ್ಬರಿಂದ ಒಬ್ಬರಿಗೆ ಹೋಗುತ್ತಿದ್ದ ವಿದ್ಯೆ. ನಮ್ಮಲ್ಲಿ ಅದು ಬೀರುವಿನಲ್ಲಿದ್ದ ಆ ದಪ್ಪ ಪುಸ್ತಕದಲ್ಲಿ ಇದ್ದೇ ಇತ್ತು.

ನಾನು ಬ್ರೇಕ್ ಒತ್ತಿದೆ. ಓಲ್ಡ್ ಅಂದೆ. ಬಂತು. ಮತ್ತೆ ಒತ್ತಿದೆ. ಎಷ್ಟು ಸಲ ಮಾಡಿದೆನೋ, ಹಿಂದೆ ಒಬ್ಬ ಹುಡುಗ ಅಮ್ಮನ ಕೈ ಹಿಡಿದುಕೊಂಡು ತನ್ನ ಸರದಿಗೆ ಕಾಯುತ್ತಿದ್ದ.

ಊರಿಗೆ ಬಂದ ಮೇಲೆ ಹಳೇ ಗೆಳೆಯನಿಂದ ಮೇಷ್ಟ್ರ ನಂಬರ್ ತೆಗೆದುಕೊಂಡೆ. ಎಂಬತ್ತು ದಾಟಿದ್ದಾರೆ, ಮಗನ ಜತೆ ಮೈಸೂರಿನಲ್ಲಿದ್ದಾರೆ. ಕಿವಿ ಸ್ವಲ್ಪ ಮಂದ. ಹೆಸರು ಹೇಳಿದೆ, ಗುರುತು ಹತ್ತಲಿಲ್ಲ. ಸೊಸೈಟಿ ಗುಮಾಸ್ತರ ಮಗ ಅಂದಾಗ "ಓ ನೀನೇನೋ" ಅಂದರು.

"ಸಾರ್, ಆ ಕನ್ನಡ ಬಾವುಟದ ಪ್ರೋಗ್ರಾಮ್ ಹೋಗಿರಲಿಲ್ಲ ಸಾರ್. ಓಲ್ಡ್ ಅಂತ ಟೈಪ್ ಮಾಡಿದ್ರೆ ವಾಪಸ್ ಬರ್ತಿತ್ತು."

"ಯಾವ ಪ್ರೋಗ್ರಾಮ್ ಕಣಪ್ಪಾ?"

ಬಾವುಟ, ಗ್ರಾಫ್ ಹಾಳೆ, ಒತ್ತಕ್ಷರ, ಕೆನ್ನೆಗೆ ಬಿದ್ದದ್ದು, ಎಲ್ಲ ಹೇಳಿದೆ. ಅವರಿಗೆ ಒಂದೂ ನೆನಪಿರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ಇದ್ದಕ್ಕಿದ್ದ ಹಾಗೆ ದನಿ ಏರಿಸಿದರು.

"ಲೋ, ಆ ಕಂಪ್ಯೂಟರ್ ರೂಮಿನ ಟೇಪ್ ರೆಕಾರ್ಡರ್ ಇತ್ತಲ್ಲ, ಕೋಲಾಟಕ್ಕೆ ಅಂತ ತಗೊಂಡು ಹೋದ್ರಲ್ಲ. ಅದನ್ನ ಅವರು ವಾಪಸ್ ಕೊಡಲೇ ಇಲ್ಲ ಗೊತ್ತಾ?"